ಸಹಾಯ ಬೇಕು: ವರ್ಜೀನಿಯಾದ ಹಳೇ ಕೌಂಟಿ ಕೋರ್ಟುಗಳ ಸಾಲದ ದಾವೆಗಳು

ನಮಸ್ಕಾರ. ಬ್ರಿಟಿಷರ ಕಾಲದಲ್ಲಿ ಅಮೆರಿಕದ ವರ್ಜೀನಿಯಾದಲ್ಲಿದ್ದ ಕೌಂಟಿ (ಜಿಲ್ಲೆಯಂಥ ವಿಭಾಗ) ಕೋರ್ಟುಗಳ ಬಗ್ಗೆ ಓದುತ್ತಿದ್ದೇನೆ. ಅಲ್ಲಿನ ಸಿವಿಲ್ ದಾವೆಗಳಲ್ಲಿ ಸಾಲದ್ದೇ ಜಾಸ್ತಿ. ಸೋತವನು ಸಾಲದ ಜೊತೆ ಕೋರ್ಟ್ ಖರ್ಚನ್ನೂ ಕಟ್ಟಬೇಕಿತ್ತು. ಕೋರ್ಟಿನ ಕ್ಲರ್ಕ್ ಮತ್ತು ಶೆರಿಫ್ (ಕೋರ್ಟ್ ಆದೇಶ ಜಾರಿ ಮಾಡುವ ಅಧಿಕಾರಿ) ಶುಲ್ಕವನ್ನು ಕಾನೂನು ಹೊಗೆಸೊಪ್ಪಿನ ತೂಕದಲ್ಲೇ ನಿಗದಿ ಮಾಡಿತ್ತು! ವಕೀಲರ ಫೀಸು 15 ಶಿಲಿಂಗ್, ಇಲ್ಲವೇ 150 ಪೌಂಡ್ ತೂಕದ ಹೊಗೆಸೊಪ್ಪು. ಸಣ್ಣ ಸಾಲ ಮಾಡಿದವನಿಗೆ ಇದು ದೊಡ್ಡ ಹೊರೆಯೇ ಅಲ್ವಾ? 1774ರಲ್ಲಿ ಈ ಶುಲ್ಕದ ಕಾಯ್ದೆಯ ಅವಧಿ ಮುಗಿಯಿತು. ಅದನ್ನು ಮುಂದುವರಿಸುವ ಮೊದಲೇ ಗವರ್ನರ್ ಡನ್‌ಮೋರ್ ಶಾಸನಸಭೆ ವಿಸರ್ಜಿಸಿದ. ಶುಲ್ಕದ ಕಾಯ್ದೆಯೇ ಇಲ್ಲದೆ ಸಾಲದ ದಾವೆಗಳು ನಿಂತೇ ಹೋದವು.

ನಾನು ಸಿಕ್ಕಿಕೊಂಡಿರುವುದು ಇಲ್ಲಿ. ಸಾಲಗಾರ ಕೋರ್ಟಿಗೆ ಬರದಿದ್ದರೆ ಅವನ ಜಾಮೀನುದಾರನ ಮೇಲೂ ತೀರ್ಪು ಆಗುತ್ತಿತ್ತು. ಶೆರಿಫ್ ಜಾಮೀನೇ ತಗೊಂಡಿರದಿದ್ದರೆ ಹೊಣೆ ಶೆರಿಫನ ತಲೆಗೇ ಬರುತ್ತಿತ್ತು. ಆದರೆ ಕೊನೆಗೆ ಹಣ ಯಾರ ಜೇಬಿನಿಂದ ಹೋಯಿತು? ನಾನು ನೋಡಿದ ಆರ್ಡರ್ ಬುಕ್ಕಿನ (ಕೋರ್ಟಿನ ಆದೇಶಗಳನ್ನು ಬರೆದಿಡುವ ಪುಸ್ತಕ) ಪುಟಗಳಲ್ಲಿ ತೀರ್ಪು ಇದೆ, ವಸೂಲಿಯ ವಿವರ ಇಲ್ಲ. ಜಪ್ತಿ ಆದೇಶದ ಹಿಂದೆ ಶೆರಿಫ್ ಬರೆದ ಷರಾ ನೋಡಬೇಕಾ, ಅಥವಾ ಕ್ಲರ್ಕ್ ಇಟ್ಟ ಫೀ ಬುಕ್ (ಶುಲ್ಕದ ಲೆಕ್ಕದ ಪುಸ್ತಕ) ನೋಡಬೇಕಾ?

ರಿಚ್ಮಂಡ್ ಕಡೆಯ ಕನ್ನಡಿಗರು ಯಾರಾದರೂ ಲೈಬ್ರರಿ ಆಫ್ ವರ್ಜೀನಿಯಾದಲ್ಲಿ ಕೌಂಟಿ ದಾಖಲೆಗಳ ಮೈಕ್ರೋಫಿಲ್ಮ್ ನೋಡಿದ್ದರೆ ದಯವಿಟ್ಟು ದಾರಿ ತೋರಿಸಿ. ಆ ಕಾಲದ ಕೈಬರಹ ಓದಲು ಬರುವವರು ಸಿಕ್ಕರಂತೂ ದೊಡ್ಡ ಉಪಕಾರ.