ಮಗಳನ್ನು ಸ್ಟ್ರೈಕರ್ ಸ್ಥಾನದಿಂದ ವಿಂಗ್‌ಗೆ ಸರಿಸಿದ್ದಾರೆ: ಮಹಿಳಾ ಫುಟ್‌ಬಾಲ್‌ನಲ್ಲಿ ಫಾರ್ವರ್ಡ್ ಆಗಿ ಬದುಕು ಕಟ್ಟಿಕೊಳ್ಳಬಹುದೇ?

ವಾಸ್ಕೋದ ತಂದೆ

ಎಲ್ಲರಿಗೂ ನಮಸ್ಕಾರ. ನಾವು ಮೂಲತಃ ಬಾಗಲಕೋಟೆಯ ಕಡೆಯವರು, ಇಪ್ಪತ್ತೆರಡು ವರ್ಷಗಳಿಂದ ಗೋವಾದ ವಾಸ್ಕೋದಲ್ಲಿ ನೆಲೆಸಿದ್ದೇವೆ. ಹದಿನೈದು ವರ್ಷದ ನನ್ನ ಮಗಳು ಮನೆಯಲ್ಲಿ ಕನ್ನಡ, ಮೈದಾನದಲ್ಲಿ ಕೊಂಕಣಿ ಮಾತನಾಡುತ್ತಾಳೆ. 2022ರ ಅಕ್ಟೋಬರ್ 26ರಂದು ಮಡಗಾಂವ್‌ನ ಫತೋರ್ಡಾ ಕ್ರೀಡಾಂಗಣದಲ್ಲಿ ನಡೆದ 17 ವರ್ಷದೊಳಗಿನವರ ಮಹಿಳಾ ವಿಶ್ವಕಪ್ ಸೆಮಿಫೈನಲ್‌ಗೆ ಅವಳನ್ನು ಕರೆದೊಯ್ದಿದ್ದೆ. ಕೊಲಂಬಿಯಾ ಮತ್ತು ನೈಜೀರಿಯಾ ಗೋಲಿಲ್ಲದೆ ಸಮನಾಗಿ, ಪೆನಾಲ್ಟಿಗಳಲ್ಲಿ ಕೊಲಂಬಿಯಾ 6-5ರಿಂದ ಗೆದ್ದ ಪಂದ್ಯವದು. ನನಗೆ ಆ ಪೆನಾಲ್ಟಿಗಳ ಎದೆಬಡಿತವಷ್ಟೇ ನೆನಪಿದೆ; ಮಗಳಿಗೆ ನೆನಪಿರುವುದು ಕೊಲಂಬಿಯಾದ ಲಿಂಡಾ ಕೈಸೆಡೊ ಒಬ್ಬರೇ. ಅಂದಿನಿಂದ ತಾನೂ ಅವರಂತೆ ಫಾರ್ವರ್ಡ್, ಅಂದರೆ ಮುಂಚೂಣಿಯಲ್ಲಿ ಗೋಲಿಗೆ ನುಗ್ಗುವ ಆಟಗಾರ್ತಿ, ಆಗಬೇಕೆಂದು ಹಟ ಹಿಡಿದು, ಮೂರು ವರ್ಷ ತಂಡದ ನಡುವಿನ ಸ್ಟ್ರೈಕರ್ ಆಗಿಯೇ ಆಡಿದ್ದಾಳೆ.

ಕಳೆದ ತಿಂಗಳು ಅವಳ ತರಬೇತುದಾರರು ಒಂದು ಮಾತನ್ನೂ ವಿವರಿಸದೆ ಅವಳನ್ನು ಬಲ ವಿಂಗ್‌ಗೆ, ಅಂದರೆ ಮೈದಾನದ ಬಲ ಅಂಚಿಗೆ, ಸರಿಸಿದರು. ಅಂದು ರಾತ್ರಿ ಅವಳು ಊಟಕ್ಕೆ ಏಳಲಿಲ್ಲ. ವಿಂಗ್‌ನಲ್ಲಿ ಆಡಿದರೆ ಗೋಲು ಕಡಿಮೆಯಾಗುತ್ತದೆ, ಗೋಲು ಕಡಿಮೆಯಾದರೆ ಆಯ್ಕೆಗಾರರು ತಿರುಗಿಯೂ ನೋಡುವುದಿಲ್ಲ ಎಂಬುದು ಅವಳ ವಾದ. ಬಂದರಿನ ಕೆಲಸ ಮಾಡುವ ನನಗೆ ಈ ಲೆಕ್ಕ ತಿಳಿಯದು. ವೃತ್ತಿಪರ ಫಾರ್ವರ್ಡ್ ಒಬ್ಬರ ಜೀವನ ನಿಜಕ್ಕೂ ಹೇಗೆ ಸಾಗುತ್ತದೆ, ಅದರಲ್ಲಿ ಸಂಪಾದನೆ ಎಷ್ಟಿದೆ, ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ. ಓದನ್ನು ಬಿಡಿಸುವ ಪ್ರಶ್ನೆಯಂತೂ ಇಲ್ಲ.

ಅಂಧೇರಿ ಲೋಕಲ್

ನಿಮ್ಮ ಮಗಳ ವಾದದಲ್ಲಿ ಹುರುಳಿದೆ ಎಂದೇ ನಾನು ಹೇಳುತ್ತೇನೆ. ಸ್ಟ್ರೈಕರ್‌ಗೆ ಬೆಲೆ ಬರುವುದು ಗೋಲಿನಿಂದ. 2022ರ ಜನವರಿಯಲ್ಲಿ ಮಹಿಳಾ ಏಷ್ಯಾ ಕಪ್ ಇಲ್ಲಿ ಮುಂಬಯಿ, ನವಿ ಮುಂಬಯಿ ಮತ್ತು ಪುಣೆಗಳಲ್ಲಿ ನಡೆದಾಗ, ನಮ್ಮ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷದ ದಾರಿಯ ಅಂಧೇರಿ ಮೈದಾನದಲ್ಲಿ ಆಸ್ಟ್ರೇಲಿಯಾ ತಂಡ ಇಂಡೋನೇಷ್ಯಾವನ್ನು 18-0ರಿಂದ ಮಣಿಸಿತು. ಕೋವಿಡ್ ಕಾರಣಕ್ಕೆ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲವಾದ್ದರಿಂದ ಟಿವಿಯಲ್ಲೇ ನೋಡಬೇಕಾಯಿತು. ಆ ತಂಡದ ಸ್ಟ್ರೈಕರ್ ಸ್ಯಾಮ್ ಕೆರ್ ಅಂದು ಐದು ಗೋಲು ಹೊಡೆದು, ಆಸ್ಟ್ರೇಲಿಯಾ ಪರ ಅತಿ ಹೆಚ್ಚು ಗೋಲುಗಳ ದಾಖಲೆಯಲ್ಲಿ ಪುರುಷರ ತಂಡದ ಟಿಮ್ ಕಾಹಿಲ್ ಅವರನ್ನೂ ಹಿಂದಿಕ್ಕಿದರು. ಕೆರ್ ಅವರ ತಂದೆ ಹುಟ್ಟಿದ್ದು ಕಲ್ಕತ್ತಾದಲ್ಲಿ ಎಂಬುದು ಇಲ್ಲಿ ಅಪ್ರಸ್ತುತವಾದರೂ, ನಮ್ಮ ಮನೆಯಲ್ಲಿ ಅಂದು ಅದೇ ದೊಡ್ಡ ಸುದ್ದಿಯಾಗಿತ್ತು.

ಆದರೆ ಆ ಎತ್ತರಕ್ಕೆ ಅವರು ಏರಿದ ಬಗೆಯನ್ನು ಮಗಳಿಗೆ ಹೇಳಿ. ಹದಿನೈದರಲ್ಲೇ ಪರ್ತ್ ಗ್ಲೋರಿ ತಂಡಕ್ಕೆ ಆಡಲು ತೊಡಗಿದ ಕೆರ್, ಮುಂದೆ ಹಲವು ವರ್ಷ ಅಮೆರಿಕದ ಲೀಗ್ ಮುಗಿದೊಡನೆ ವಿಮಾನ ಹತ್ತಿ ಆಸ್ಟ್ರೇಲಿಯಾದ ಬೇಸಿಗೆಯ ಲೀಗ್ ಆಡಿದರು, ಅದು ಮುಗಿದೊಡನೆ ಮತ್ತೆ ಅಮೆರಿಕಕ್ಕೆ ಹಾರಿದರು. ಒಂದು ಲೀಗ್‌ನ ಸಂಬಳದಲ್ಲಿ ವರ್ಷ ಕಳೆಯುವುದು ಮಹಿಳಾ ಆಟಗಾರರಿಗೆ ಆಗ ಕಷ್ಟವಿದ್ದುದರಿಂದ ಅನೇಕರು ಹೀಗೆ ಬೇಸಿಗೆಯಿಂದ ಬೇಸಿಗೆಗೆ ಅಲೆಯುತ್ತಿದ್ದರು. 2017, 2018 ಮತ್ತು 2019ರಲ್ಲಿ ಸತತವಾಗಿ ಅಮೆರಿಕದ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಗಳಿಸಿದ ಮೇಲೆಯೇ ಅವರು ಇಂಗ್ಲೆಂಡಿನ ಚೆಲ್ಸಿ ಕ್ಲಬ್ ಸೇರಿದ್ದು. ನನ್ನ ಸಲಹೆ ಇಷ್ಟೇ: ಗೋಲು ಹೊಡೆಯುವ ಹುಡುಗಿಯನ್ನು ಗೋಲಿನ ಎದುರಿನಿಂದ ಸರಿಸಲು ಬಿಡಬೇಡಿ.

ಬಾಣೇರ್ ಕನ್ನಡತಿ

ಕೆರ್ ಅವರಂಥವರ ಕಥೆಯನ್ನು ಹದಿನೈದರ ಹುಡುಗಿಯ ಮುಂದೆ ಅಳತೆಗೋಲಾಗಿ ಇಡುವುದು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಅದೇ ಏಷ್ಯಾ ಕಪ್ ಕೂಟದಲ್ಲಿ, ಜನವರಿ 30ರಂದು, ನಮ್ಮ ಮನೆಗೆ ಹತ್ತಿರದ ಪುಣೆಯ ಬಾಲೆವಾಡಿ ಕ್ರೀಡಾಂಗಣದಲ್ಲಿ ಎರಡು ಕ್ವಾರ್ಟರ್‌ಫೈನಲ್‌ಗಳು ನಡೆದವು. ಒಂದರಲ್ಲಿ ಕೆರ್ ಅವರಿದ್ದ ಆಸ್ಟ್ರೇಲಿಯಾ ದಕ್ಷಿಣ ಕೊರಿಯಾಕ್ಕೆ 0-1ರಿಂದ ಸೋತು ಹೊರಬಿತ್ತು. ಏಳು ಗೋಲು ಹೊಡೆದು ಕೂಟದಲ್ಲೇ ಮೊದಲಿಗರಾಗಿದ್ದ ಸ್ಟ್ರೈಕರ್, ಬೇಕಾದ ದಿನ ಒಂದನ್ನೂ ಹೊಡೆಯಲಾಗಲಿಲ್ಲ.

ಇನ್ನೊಂದು ಪಂದ್ಯದಲ್ಲಿ ಫಿಲಿಪ್ಪೀನ್ಸ್ ಮತ್ತು ತೈವಾನ್ 1-1ರಲ್ಲಿ ನಿಂತು, ಪೆನಾಲ್ಟಿಗಳಲ್ಲಿ ಫಿಲಿಪ್ಪೀನ್ಸ್ 4-3ರಿಂದ ಗೆದ್ದು ಮೊದಲ ಬಾರಿಗೆ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಕೊನೆಯ ಪೆನಾಲ್ಟಿಯನ್ನು ಬಲೆಗೆ ಸೇರಿಸಿದವರು ಸರಿನಾ ಬೋಲ್ಡನ್ ಎಂಬ ಫಾರ್ವರ್ಡ್. ಕ್ಯಾಲಿಫೋರ್ನಿಯಾದಲ್ಲಿ ಬೆಳೆದು ಅಲ್ಲಿನ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ ಅವರು ತೈವಾನ್, ಜಪಾನ್, ಆಸ್ಟ್ರೇಲಿಯಾ ಎಂದು ಕ್ಲಬ್‌ನಿಂದ ಕ್ಲಬ್‌ಗೆ ಹೋದವರು. 2023ರ ಜುಲೈ 25ರಂದು ವೆಲ್ಲಿಂಗ್ಟನ್‌ನಲ್ಲಿ ಆತಿಥೇಯ ನ್ಯೂಜಿಲೆಂಡ್ ವಿರುದ್ಧ ಹೆಡರ್ ಮೂಲಕ ಅವರು ಹೊಡೆದ ಗೋಲು, ವಿಶ್ವಕಪ್ ಇತಿಹಾಸದಲ್ಲಿ ಫಿಲಿಪ್ಪೀನ್ಸ್‌ನ ಮೊದಲ ಗೋಲು. ಪಂದ್ಯವೂ ಅದರಿಂದಲೇ ದಕ್ಕಿತು. ಬಹುಪಾಲು ವೃತ್ತಿಪರ ಫಾರ್ವರ್ಡ್‌ಗಳ ಜೀವನ ಈ ಬಗೆಯದು: ಒಂದು ವರ್ಷದ ಕರಾರು, ಎರಡು ಸೂಟ್‌ಕೇಸು, ಹೊಸ ಭಾಷೆ, ಹೊಸ ಕೋಚ್. ನಿಮ್ಮ ಮಗಳು ವಾಸ್ಕೋದಲ್ಲಿ ಎರಡು ಭಾಷೆಗಳ ನಡುವೆ ಬೆಳೆದಿರುವುದು ಈ ದೃಷ್ಟಿಯಿಂದ ಒಳ್ಳೆಯದೇ ಆಯಿತು.

ಮಡಗಾಂವ್ ಮೈದಾನ

ನಾನು ದಕ್ಷಿಣ ಗೋವಾದಲ್ಲಿ ಹದಿಮೂರು ವರ್ಷಗಳಿಂದ ಹುಡುಗಿಯರಿಗೆ ತರಬೇತಿ ಕೊಡುತ್ತಿದ್ದೇನೆ. ಊರು ಹುಬ್ಬಳ್ಳಿ. ಮೊದಲಿಗೆ ಒಂದು ತಿದ್ದುಪಡಿ: ಅಂಧೇರಿಯವರು ಹೊಗಳಿದ ಕೆರ್ ಅವರೇ ತಮ್ಮ ಆರಂಭದ ವರ್ಷಗಳಲ್ಲಿ ಹೆಚ್ಚಾಗಿ ವಿಂಗ್‌ನಲ್ಲಿ ಆಡಿ, ಆಮೇಲೆ ನಡುವಿಗೆ ಬಂದವರು. ನಿಮ್ಮ ಮಗಳು ಮೆಚ್ಚಿದ ಕೈಸೆಡೊ ಕೂಡ ಬಹುಮಟ್ಟಿಗೆ ಅಂಚಿನಿಂದಲೇ ಒಳನುಗ್ಗುವವರು. ಫತೋರ್ಡಾದಲ್ಲಿ ಇಡೀ ಪಂದ್ಯ ಅವರನ್ನೇ ನೋಡಿದವಳಿಗೆ ಇದು ಹೊಳೆಯದೆ ಹೋದದ್ದು ಸೋಜಿಗ.

ಇನ್ನು ನಮ್ಮ ದೇಶದ ವಾಸ್ತವ. ಇಂಡಿಯನ್ ವಿಮೆನ್ಸ್ ಲೀಗ್‌ನ ಕ್ಲಬ್‌ಗಳು ನಡುವಿನ ಸ್ಟ್ರೈಕರ್ ಸ್ಥಾನವನ್ನು ಹೆಚ್ಚಾಗಿ ಹೊರದೇಶದವರಿಗೇ ಕೊಡುತ್ತವೆ. ಬೆಂಗಳೂರಿನಲ್ಲಿ ನಡೆದ 2019-20ರ ಆವೃತ್ತಿಯಲ್ಲಿ ಅತಿ ಹೆಚ್ಚು ಗೋಲು ಗಳಿಸಿದವರು ನೇಪಾಳದ ಸಾಬಿತ್ರಾ ಭಂಡಾರಿ. 2023-24 ಮತ್ತು 2024-25ರಲ್ಲಿ ಉಗಾಂಡದ ಫಜಿಲಾ ಇಕ್ವಾಪುಟ್. ಹೀಗಾಗಿ ನಡುವಿನಲ್ಲಿ ಮಾತ್ರ ಆಡಬಲ್ಲ ಭಾರತೀಯ ಹುಡುಗಿ ಬೆಂಚಿನ ಮೇಲೆ ಕೂರುವ ಸಂಭವ ಹೆಚ್ಚು. ನಡುವಿನ ಜೊತೆಗೆ ಎರಡೂ ಅಂಚುಗಳಲ್ಲಿ ಆಡಬಲ್ಲವಳಿಗೆ ಮೂರು ಸ್ಥಾನಗಳ ಬಾಗಿಲು ತೆರೆದಿರುತ್ತದೆ. ಪಂಜಾಬಿನ ಮನೀಷಾ ಕಲ್ಯಾಣ್ ಅವರನ್ನೇ ನೋಡಿ. ವಿಂಗ್‌ನಲ್ಲೂ ಆಡುವ ಅವರು 2021ರ ನವೆಂಬರ್‌ನಲ್ಲಿ ಮನೌಸ್‌ನಲ್ಲಿ ಬ್ರೆಜಿಲ್ ವಿರುದ್ಧ ಗೋಲು ಹೊಡೆದರು. ಆ ಪಂದ್ಯವನ್ನು ನಾವು 6-1ರಿಂದ ಸೋತೆವು, ಆದರೂ ಆ ಗೋಲಿನ ತುಣುಕನ್ನು ನಾನು ಇಂದಿಗೂ ನನ್ನ ಹುಡುಗಿಯರಿಗೆ ತೋರಿಸುತ್ತೇನೆ. 2022ರಲ್ಲಿ ಮನೀಷಾ ಸೈಪ್ರಸ್‌ನ ಅಪೊಲೊನ್ ತಂಡ ಸೇರಿ ಯುರೋಪಿನ ಮಹಿಳಾ ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯರಾದರು; ಆಮೇಲೆ ಗ್ರೀಸ್, ಪೆರು.

ಸಂಪಾದನೆಯ ಬಗ್ಗೆ ಕೇಳಿದ್ದೀರಿ. ಲೀಗ್ ಆಡುವ ಪ್ರತಿ ಕ್ಲಬ್ ಕನಿಷ್ಠ ಹತ್ತು ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ 3.2 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ಕರಾರು ಕೊಡಬೇಕೆಂದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2023ರಲ್ಲಿ ತೀರ್ಮಾನಿಸಿತು. ಹಿಂದೆ ಕೆಲವೇ ವಾರಗಳಲ್ಲಿ ಮುಗಿಯುತ್ತಿದ್ದ ಲೀಗ್ 2023-24ರಲ್ಲಿ ತವರು ಮತ್ತು ಎದುರಾಳಿ ಅಂಗಳಗಳ ಪದ್ಧತಿಗೆ ಬಂತು. ಇಷ್ಟು ಹಣದಲ್ಲಿ ಸಂಸಾರ ನಡೆಯುವುದಿಲ್ಲ ಎಂಬುದು ನಿಮಗೇ ಗೊತ್ತು. ಮಣಿಪುರದ ಬಾಲಾ ದೇವಿ ಅವರು ಪೊಲೀಸ್ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ಆಡಿದವರು. 2018-19ರ ಲೀಗ್‌ನಲ್ಲಿ ಮಣಿಪುರ ಪೊಲೀಸ್ ತಂಡಕ್ಕೆ 26 ಗೋಲು ಹೊಡೆದ ಅವರಿಗೆ, ಬೆಂಗಳೂರು ಎಫ್‌ಸಿಯೊಡನೆ ಒಡನಾಟವಿದ್ದ ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್‌ನ ಕರೆ ಬಂದದ್ದು 2020ರ ಜನವರಿಯಲ್ಲಿ, ಮೂವತ್ತು ತುಂಬಲು ಕೆಲವೇ ದಿನಗಳಿದ್ದಾಗ. ಮೊದಲ ಗೋಲಿಗೆ ಡಿಸೆಂಬರ್‌ವರೆಗೆ ಕಾಯಬೇಕಾಯಿತು, ನಡುವೆ ಕೋವಿಡ್ ಬೇರೆ. ಮರುವರ್ಷ ಮೊಣಕಾಲಿನ ಗಾಯ.

ಈ ಮೊಣಕಾಲಿನ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಫಾರ್ವರ್ಡ್‌ನ ಆಯುಷ್ಯವನ್ನು ನಿರ್ಧರಿಸುವುದು ಬಹಳ ಸಲ ಅದೇ. ವೇಗವಾಗಿ ಓಡುತ್ತಾ ಥಟ್ಟನೆ ನಿಂತು ದಿಕ್ಕು ಬದಲಿಸುವಾಗ, ಅಥವಾ ಹೆಡರ್‌ಗೆ ಹಾರಿ ಒಂದೇ ಕಾಲಿನ ಮೇಲೆ ಇಳಿಯುವಾಗ, ಮೊಣಕಾಲು ಒಳಕ್ಕೆ ವಾಲಿ, ಅಲ್ಲಿನ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಎಂಬ ಲಿಗಮೆಂಟ್ ಹರಿಯುತ್ತದೆ. ಯಾರೂ ಮುಟ್ಟಿರುವುದೂ ಇಲ್ಲ. ಹುಡುಗಿಯರಲ್ಲಿ ಈ ಗಾಯ ಹುಡುಗರಿಗಿಂತ ಹೆಚ್ಚು. ಕೆರ್ ಅವರಿಗೆ 2024ರ ಜನವರಿಯಲ್ಲಿ ತರಬೇತಿ ಶಿಬಿರದಲ್ಲಿ ಹೀಗಾಯಿತು. ಮತ್ತೆ ಪಂದ್ಯಕ್ಕಿಳಿದದ್ದು 2025ರ ಸೆಪ್ಟೆಂಬರ್‌ನಲ್ಲಿ. ಚೆಲ್ಸಿಯಂಥ ಕ್ಲಬ್‌ನ ವೈದ್ಯರಿದ್ದೂ ಅಷ್ಟು ಕಾಲ ಹಿಡಿಯಿತು ಎಂದರೆ ನಮ್ಮ ಹುಡುಗಿಯರ ಪಾಡನ್ನು ಊಹಿಸಿಕೊಳ್ಳಿ. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ರೂಪಿಸಿದ ‘11 ಪ್ಲಸ್’ ಎಂಬ ಇಪ್ಪತ್ತು ನಿಮಿಷಗಳ ವಾರ್ಮ್‌ಅಪ್ ಇದೆ. ಓಟ, ಒಂಟಿಕಾಲಿನ ಸಮತೋಲ, ಸ್ಕ್ವಾಟ್, ಜಿಗಿದು ಮೆತ್ತಗೆ ಇಳಿಯುವ ಅಭ್ಯಾಸ ಎಲ್ಲವೂ ಅದರಲ್ಲಿವೆ. ಮಗಳ ತಂಡದಲ್ಲಿ ವಾರಕ್ಕೆ ಎರಡು ಸಲವಾದರೂ ಅದನ್ನು ಮಾಡಿಸುತ್ತಾರೆಯೇ ಎಂದು ಕೇಳಿ. ಸ್ಥಾನದ ಬಗ್ಗೆ ಜಗಳವಾಡುವುದಕ್ಕಿಂತ ಈ ಪ್ರಶ್ನೆಗೆ ಜಗಳವಾಡಿದರೂ ನಷ್ಟವಿಲ್ಲ.

ವಿದೇಶದ ಕನಸಿಗೆ ಅವಸರ ಬೇಡ. ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಹದಿನೆಂಟು ತುಂಬದೆ ಬೇರೆ ದೇಶದ ಕ್ಲಬ್‌ಗೆ ಹೋಗಲು ಫಿಫಾ ನಿಯಮ ಬಿಡುವುದಿಲ್ಲ. ಹದಿನಾಲ್ಕರಲ್ಲೇ ಕೊಲಂಬಿಯಾದ ‘ಅಮೆರಿಕಾ ದೆ ಕಾಲಿ’ ಕ್ಲಬ್‌ಗೆ ಆಡಿದ, ಹದಿನೈದರಲ್ಲಿ ಅಂಡಾಶಯದ ಕ್ಯಾನ್ಸರ್ ಗೆದ್ದು ಮರಳಿದ ಕೈಸೆಡೊ ಕೂಡ ಸ್ಪೇನಿನ ರಿಯಲ್ ಮ್ಯಾಡ್ರಿಡ್ ಸೇರಿದ್ದು 2023ರ ಫೆಬ್ರವರಿಯಲ್ಲಿ, ಹದಿನೆಂಟು ತುಂಬಿದ ತಿಂಗಳಲ್ಲೇ. ಯಾರಾದರೂ ಏಜೆಂಟ್ ಎಂದು ಹೇಳಿಕೊಂಡು ಈಗಲೇ ಹಣ ಕೇಳಿದರೆ ಮನೆಯೊಳಗೆ ಬಿಟ್ಟುಕೊಳ್ಳಬೇಡಿ.

ಕೊನೆಗೊಂದು ಕೆಲಸ ಹೇಳುತ್ತೇನೆ. ಮಗಳು ಮಲಗಿದ ಮೇಲೆ ಅವಳ ಎರಡೂ ಬೂಟುಗಳನ್ನು ದೀಪದ ಕೆಳಗೆ ಹಿಡಿದು ನೋಡಿ, ಎಲ್ಲಿ ಸವೆದಿದೆ ಎಂದು ನನಗೆ ಬರೆಯಿರಿ.

ಅಂಧೇರಿ ಲೋಕಲ್

ಕೆರ್ ಅವರ ವಿಂಗ್ ದಿನಗಳ ವಿಷಯದಲ್ಲಿ ನನ್ನದು ತಪ್ಪಾಯಿತು, ಒಪ್ಪಿದೆ. ಆದರೆ ಒಂದು ಮಾತನ್ನು ಬಿಟ್ಟುಕೊಡಲಾರೆ. ಮಗುವಿನ ಸ್ಥಾನ ಬದಲಿಸುವಾಗ ಎರಡು ನಿಮಿಷ ಕೂರಿಸಿಕೊಂಡು ಕಾರಣ ಹೇಳುವುದು ತರಬೇತುದಾರರ ಕೆಲಸ. ಹೇಳದೆ ಸರಿಸಿದರೆ ಹುಡುಗಿ ಅದನ್ನು ಶಿಕ್ಷೆ ಎಂದೇ ತಿಳಿಯುತ್ತಾಳೆ.

ಮಡಗಾಂವ್ ಮೈದಾನ

ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ನಾನೂ ಹಾಗೆ ಎಷ್ಟೋ ಸಲ ಮಾಡಿದ್ದೇನೆ.

ವಾಸ್ಕೋದ ತಂದೆ

ಎಲ್ಲರಿಗೂ ಧನ್ಯವಾದಗಳು. ನೀವು ಹೇಳಿದಂತೆ ರಾತ್ರಿ ಬೂಟುಗಳನ್ನು ನೋಡಿದೆ. ಬಲಗಾಲಿನದರ ಒಳಮಗ್ಗುಲಲ್ಲಿ, ಹೆಬ್ಬೆರಳಿನ ಬಳಿ, ಮೇಲಿನ ಪದರ ಕಿತ್ತು ಹೊಲಿಗೆ ಕಾಣಿಸುತ್ತಿದೆ. ಎಡಗಾಲಿನದರ ತುದಿಯಲ್ಲಿ ಅಂಗಡಿಯ ಹೊಳಪು ಇನ್ನೂ ಹಾಗೆಯೇ ಇದೆ. ಎರಡನ್ನೂ ಕೊಂಡದ್ದು ಒಂದೇ ದಿನ, ಜೂನ್‌ನಲ್ಲಿ.

ಬೆಳಿಗ್ಗೆ ಎರಡನ್ನೂ ಅವಳ ಮುಂದಿಟ್ಟೆ. ತುಂಬ ಹೊತ್ತು ನೋಡಿ, ತನ್ನನ್ನು ಬಲಕ್ಕೇ ಏಕೆ ಹಾಕಿದರು, ಎಡಕ್ಕೆ ಏಕೆ ಹಾಕಲಿಲ್ಲ ಎಂಬುದು ಈಗ ಅರ್ಥವಾಯಿತು ಎಂದಳು. ವಿವರಿಸು ಎಂದರೆ ವಿವರಿಸಲಿಲ್ಲ. ವಾರ್ಮ್‌ಅಪ್ ಬಗ್ಗೆ ತರಬೇತುದಾರರನ್ನು ಸೋಮವಾರ ಕೇಳುತ್ತೇನೆ. ಇಂದು ಸಂಜೆ ಬೈನಾ ಕಡಲತೀರದಲ್ಲಿ ಇಬ್ಬರೇ ಒಂದು ಗಂಟೆ ಚೆಂಡು ಒದ್ದೆವು, ಎಡಗಾಲಿನಿಂದ ಮಾತ್ರ ಎಂಬ ಕರಾರಿನ ಮೇಲೆ. ಎರಡು ಸಲ ಚೆಂಡು ಸಮುದ್ರಕ್ಕೆ ಹೋಯಿತು, ತರಲು ಹೋದವನು ನಾನೇ.