ಶೇವ್ ಆದಮೇಲೆ ಕುತ್ತಿಗೆ ಉರಿ: ಏನು ಹಚ್ಚಬಹುದು?

ಪ್ರಶ್ನೆ:
ಕೆಲಸಕ್ಕೆ ದಿನಾ ಗಡ್ಡ ತೆಗೆದೇ ಹೋಗಬೇಕು. ಹತ್ತು ವರ್ಷದಿಂದ ಅಪ್ಪ ಹಚ್ಚುತ್ತಿದ್ದಂಥದ್ದೇ ನೀಲಿ ಬಣ್ಣದ ಆಫ್ಟರ್‌ಶೇವ್ ಹಚ್ಚಿಕೊಳ್ತಿದ್ದೆ. ಚುರ್ ಅಂದರೆ ಅದು ಕೆಲಸ ಮಾಡ್ತಿದೆ ಅಂತಲೇ ನಂಬಿದ್ದೆ. ಈಗ ಎರಡು ತಿಂಗಳಿಂದ ಗಂಟಲ ಹತ್ತಿರ ಮಧ್ಯಾಹ್ನದವರೆಗೂ ಕೆಂಪು, ಸಂಜೆಗೆ ಹೊಟ್ಟು ಏಳುತ್ತೆ, ಕಾಲರ್ ತಾಗಿದರೂ ನೋವು. ‘ಸೂಕ್ಷ್ಮ ಚರ್ಮಕ್ಕೆ’ ಅಂತ ಬರೆದಿದ್ದ ಆಫ್ಟರ್‌ಶೇವ್ ಬಾಮ್ ತಂದೆ, ಅದೂ ಉರೀತು. ಏನು ನೋಡಿ ಆರಿಸಬೇಕು?

ಉತ್ತರ 1:
ನಾನೂ ಮೂರು ವರ್ಷ ಇದನ್ನೇ ಅನುಭವಿಸಿದ್ದೇನೆ. ಡಬ್ಬಿಯ ಮುಂದೆ ಬರೆದಿರೋದನ್ನು ಬಿಡಿ, ಹಿಂದೆ ತಿರುಗಿಸಿ ಪದಾರ್ಥಗಳ ಪಟ್ಟಿ ಓದಿ. ಯಾವುದು ಹೆಚ್ಚಿದೆಯೋ ಅದನ್ನೇ ಮೊದಲು ಬರೆದಿರ್ತಾರೆ. ಮೊದಲ ಎರಡು ಮೂರರಲ್ಲಿ ‘ಆಲ್ಕೋಹಾಲ್ ಡೀನ್ಯಾಟ್’ (ಚರ್ಮ ಒಣಗಿಸೋ ಆಲ್ಕೋಹಾಲ್) ಕಂಡರೆ ವಾಪಸ್ ಇಟ್ಟುಬಿಡಿ. ಸೀಟೈಲ್, ಸೀಟಿಯರಿಲ್ ಆಲ್ಕೋಹಾಲ್‌ಗಳಿಗೆ ಮಾತ್ರ ಹೆದರಬೇಡಿ, ಅವು ಮೇಣದಂಥವು, ಚರ್ಮ ಒಣಗಿಸೋದಿಲ್ಲ. ಇದು ಗೊತ್ತಿಲ್ಲದೆ ನಾನು ಒಂದು ಒಳ್ಳೆ ಬಾಮನ್ನು ಎಸೆದೆ.

ನನ್ನ ಕಾಟಕ್ಕೆ ಕಾರಣ ಕೊನೆಗೆ ಸಿಕ್ಕಿದ್ದು ಸುಗಂಧದಲ್ಲಿ. ಲಿನಲೂಲ್, ಲಿಮೊನೀನ್ ಥರದ ಸುಗಂಧ ವಸ್ತುಗಳು ಗಾಳಿ ತಾಗಿ ಹಳತಾದಷ್ಟೂ ಅಲರ್ಜಿ ತರೋ ಸಾಧ್ಯತೆ ಹೆಚ್ಚು. ‘ಅನ್‌ಸೆಂಟೆಡ್’ (ವಾಸನೆ ಇಲ್ಲದ್ದು) ಅಂತಿದ್ದರೂ ನಂಬಬೇಡಿ, ಮೂಲ ವಾಸನೆ ಮುಚ್ಚೋಕೆ ಬೇರೆ ಸುಗಂಧ ಹಾಕಿರಬಹುದು. ‘ಫ್ರೇಗ್ರೆನ್ಸ್ ಫ್ರೀ’ (ಸುಗಂಧ ಹಾಕದ್ದು) ಅಂತ ಇರೋದನ್ನೇ ಹುಡುಕಿ, ಪಟ್ಟಿಯನ್ನೂ ಓದಿ. ಮೆಂಥಾಲ್ ತಂಪೆನಿಸಿದರೂ ಕೆರಳಿದ ಚರ್ಮಕ್ಕೆ ಬೇಡ.

ಈಗ ಚರ್ಮದ ತೇವ ಉಳಿಸೋ ಗ್ಲಿಸರಿನ್, ಪ್ಯಾಂಥೆನಾಲ್ ಇರುವ ಬಾಮ್ ಹಚ್ತೀನಿ. ಮುಖ ಇನ್ನೂ ತುಸು ಒದ್ದೆ ಇರುವಾಗಲೇ, ಬಟಾಣಿ ಕಾಳಿನಷ್ಟು, ಉಜ್ಜದೆ ಅಂಗೈಯಿಂದ ಒತ್ತಿ. ಹೊಸದನ್ನು ಯಾವತ್ತೂ ನೇರ ಮುಖಕ್ಕೆ ಹಾಕಲ್ಲ. ಮೊಣಕೈ ಒಳಮಡಿಕೆಯಲ್ಲಿ ದಿನಕ್ಕೆ ಎರಡು ಸಲ, 7ರಿಂದ 10 ದಿನ ಹಚ್ಚಿ ನೋಡ್ತೀನಿ.

ಉತ್ತರ 2:
ಪಟಿಕ ಕೂಡ ಚರ್ಮವನ್ನು ಒಣಗಿಸುತ್ತೆ. ಸಣ್ಣ ಗಾಯದ ರಕ್ತ ನಿಲ್ಲಿಸೋಕೆ ಸರಿ, ದಿನಾ ಕುತ್ತಿಗೆ ತುಂಬ ಉಜ್ಜೋಕಲ್ಲ. ಮತ್ತೆ ಕುತ್ತಿಗೆಯಲ್ಲಿ ಕೂದಲು ಬೇರೆ ಬೇರೆ ದಿಕ್ಕಿಗೆ ಬೆಳೆಯುತ್ತೆ. ಕೈಯಾಡಿಸಿ ನೋಡಿ, ಕೂದಲು ಬೆಳೆಯೋ ಕಡೆಗೇ ರೇಜರ್ ಎಳೆಯಿರಿ.

ಪ್ರಶ್ನೆ ಕೇಳಿದವರು:
ಈಗ ತಿರುಗಿಸಿ ಓದಿದೆ. ಆ ಬಾಮಿನಲ್ಲಿ ಪರ್ಫ್ಯೂಮ್, ಮೆಂಥಾಲ್ ಎರಡೂ ಇವೆ! ಹೊಸದನ್ನು ಪರೀಕ್ಷಿಸುವ ತನಕ ಏನು ಹಚ್ಚಲಿ?

ಉತ್ತರ 1:
ಸಾದಾ ಪೆಟ್ರೋಲಿಯಂ ಜೆಲ್ಲಿ, ತೀರಾ ತೆಳ್ಳಗೆ. ಅದರಲ್ಲೂ ಸುವಾಸನೆ ಇಲ್ಲದ್ದು. ಆದರೆ ನೀರು ಒಸರಿದರೆ, ಕೀವು ಕಂಡರೆ ಕಾಯಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ. ಹೋಗುವಾಗ ಎರಡೂ ಬಾಟಲಿ ತಗೊಂಡು ಹೋಗಿ, ಪ್ಯಾಚ್ ಟೆಸ್ಟ್ (ಯಾವುದು ಅಲರ್ಜಿ ಅಂತ ಚರ್ಮದ ಮೇಲೆ ಮಾಡೋ ಪರೀಕ್ಷೆ) ಬೇಕಾ ಅಂತ ಕೇಳಿ.