ಎರಡು ಆಸ್ಪತ್ರೆ, ಎರಡು ಇನ್ಸಿಡೆಂಟ್ ಫಾರ್ಮ್. ಹೊಂದಿಸುವುದು ಹೇಗೆ?

ವಾರ್ಡ್ ಸಿಸ್ಟರ್:
ಹನ್ನೊಂದು ವರ್ಷ ವಾರ್ಡಿನಲ್ಲಿದ್ದೆ, ಈಗ ಕ್ವಾಲಿಟಿ ವಿಭಾಗಕ್ಕೆ ಹಾಕಿದ್ದಾರೆ. ಒಂದೇ ಮ್ಯಾನೇಜ್‌ಮೆಂಟಿನ ಎರಡು ಆಸ್ಪತ್ರೆ ನಮ್ಮದು. ತಪ್ಪು, ಅನಾಹುತ ಆದಾಗ ಬರೆದಿಡುವ ಇನ್ಸಿಡೆಂಟ್ ಫಾರ್ಮ್ ಮಾತ್ರ ಒಂದೊಂದು ಕಡೆ ಒಂದೊಂದು ಥರ. ಜೂನ್‌ನಲ್ಲಿ ನಮ್ಮ ವಾರ್ಡಿನ ಡಿಸ್ಟಿಲ್ಡ್ ವಾಟರ್ ಟ್ರೇಗೆ ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲ್ (ಇಂಜೆಕ್ಷನ್ನಿನ ಪುಟ್ಟ ಸೀಸೆ) ಸೇರಿಕೊಂಡಿತ್ತು. ಎರಡೂ 10 ಎಂಎಲ್, ನೋಡೋಕೆ ಅಣ್ಣ ತಮ್ಮ. ಆಂಟಿಬಯೋಟಿಕ್ ಪುಡಿ ಕರಗಿಸಲು ಹೊರಟ ಹುಡುಗಿ ಲೇಬಲ್ ಓದಿದ್ದಕ್ಕೆ ಬಚಾವ್. ಐವಿಯಲ್ಲಿ, ಅಂದರೆ ರಕ್ತನಾಳಕ್ಕೆ, ನೇರ ಹೋಗಿದ್ದರೆ ಹೃದಯವೇ ನಿಲ್ಲಬಹುದಿತ್ತು. ನಿಯರ್ ಮಿಸ್ (ಕೂದಲೆಳೆಯಲ್ಲಿ ತಪ್ಪಿದ ಅನಾಹುತ) ಅಂತ ಬರೆದೆವು, ಟ್ರೇ ಬೇರೆ ಮಾಡಿದೆವು.

ಮೂರು ವಾರಕ್ಕೆ ಇನ್ನೊಂದು ಆಸ್ಪತ್ರೆಯಲ್ಲೂ ಅದೇ ಕಥೆ! ನಮ್ಮದು ಸಾಫ್ಟ್‌ವೇರ್‌ನಲ್ಲಿ 'ಮೆಡಿಕೇಷನ್ ಎರರ್', ಅವರದು ಎಕ್ಸೆಲ್‌ನಲ್ಲಿ 'ಇತರೆ'. ಹುಡುಕಿದರೂ ಸಿಗಲ್ಲ. ಇಬ್ಬರಿಗೂ ಒಂದೇ ಸಾಫ್ಟ್‌ವೇರ್ ಕೊಡಿಸಿ ಅಂತ ಕೇಳಲಾ?

ಐಟಿ ರೂಮಿನವ:
ಬೇಡ ಸಿಸ್ಟರ್, ಸುಮ್ನೆ ದುಡ್ಡು ದಂಡ. ಹೊಸ ಸಾಫ್ಟ್‌ವೇರ್‌ನಲ್ಲೂ 'ಇತರೆ' ಇರುತ್ತದೆ, ಅಲ್ವಾ? ಮೊದಲು ಕಾಲಂ ಒಪ್ಪಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಇದಕ್ಕೇ ಒಂದು ಕನಿಷ್ಠ ಮಾದರಿ ಕೊಟ್ಟಿದೆ: ರೋಗಿಯ ವಯಸ್ಸು, ಲಿಂಗ, ಯಾವಾಗ, ಎಲ್ಲಿ, ಏನಾಯಿತು, ಕಾರಣ, ಪರಿಣಾಮ, ಏನು ಕ್ರಮ ತೆಗೆದುಕೊಂಡಿರಿ. ಬರೆದವರ ಹುದ್ದೆ ಸಾಕು, ಹೆಸರು ಬೇಡ. ನಿಮ್ಮ ಫಾರ್ಮ್ ನಿಮಗೇ ಇರಲಿ, ಕಳಿಸುವಾಗ ಈ ಕಾಲಂಗಳಿಗೆ ಹೊಂದಿಸಿ. ಔಷಧಿಗೆ ಬ್ರ್ಯಾಂಡ್ ಜೊತೆ ಜೆನೆರಿಕ್ ಹೆಸರೂ (ಔಷಧಿಯ ಮೂಲ ಹೆಸರು) ಕಡ್ಡಾಯ ಮಾಡಿ, ಇಲ್ಲವಾದರೆ ಒಂದೇ ಔಷಧಿ ನಾಲ್ಕು ಹೆಸರಲ್ಲಿ ಕೂತಿರುತ್ತದೆ. ಮತ್ತೆ, ಸಿಸ್ಟರ್‌ಗಳು ಬರೆದ ವಿವರಣೆ ಮಾತ್ರ ಅಳಿಸಬೇಡಿ.

ಫಾರ್ಮಸಿ ಕೌಂಟರ್:
ಹೊರಗೂ ಇದೇ ಪಾಡು. ಔಷಧಿಯ ಅಡ್ಡ ಪರಿಣಾಮದ ವರದಿ ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್‌ಗೆ (ಔಷಧಿ ಗುಣಮಟ್ಟ ನಿಗದಿ ಮಾಡುವ ಕೇಂದ್ರ ಸಂಸ್ಥೆ). ಉಪಕರಣದ್ದೂ ಅಲ್ಲಿಗೇ, ಆದರೆ 2015ರಲ್ಲಿ ಶುರುವಾದ ಬೇರೆ ಕಾರ್ಯಕ್ರಮ, ಬೇರೆ ಫಾರ್ಮ್. ರೋಗಿಗೆ ರಕ್ತ ಏರಿಸಿದಾಗಿನ ತೊಂದರೆ ನೋಯ್ಡಾದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಬಯಾಲಜಿಕಲ್ಸ್‌ಗೆ. ನಿಮ್ಮ ಇನ್ಸಿಡೆಂಟ್ ನಂಬರನ್ನು ಹೊರಗೆ ಕಳಿಸುವ ಫಾರ್ಮ್‌ನ ನಕಲಿನ ಮೇಲೂ ಬರೆದಿಡಿ, ಆಮೇಲೆ ಜೋಡಿಸೋಕೆ ಆಗುತ್ತದೆ.

ವಾರ್ಡ್ ಸಿಸ್ಟರ್:
ಇವತ್ತು ಅವರ ಎಕ್ಸೆಲ್ ತರಿಸಿಕೊಂಡು ಕೂತೆ. 'ಇತರೆ' ಒಳಗೇ ಔಷಧಿ ಅದಲು ಬದಲಾಗಿದ್ದು ಒಂಬತ್ತು ಸಿಕ್ಕವು. ಹತ್ತನೆಯದರಲ್ಲಿ "ಸಿಸ್ಟರ್‌ಗೆ ವಾರ್ನಿಂಗ್ ಕೊಡಲಾಗಿದೆ" ಅಂತ ಮಾತ್ರ ಇದೆ. ಏನಾಯಿತು ಅಂತಲೇ ಇಲ್ಲ. ಅದನ್ನು ಯಾವ ಕಾಲಂಗೆ ಹಾಕಲಿ, ನೀವೇ ಹೇಳಿ.